ಸಹಾಯ ಬೇಕು: ಕಾರಿನ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ದೋಷದ ಕೋಡ್ ಕೂಡ ಓದೋ ಕಡಿಮೆ ಬೆಲೆಯ ಸ್ಕ್ಯಾನರ್ ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ಹತ್ರ. ಗಾಡಿ 2015ರ ಡೀಸೆಲ್ ಕಾರು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಚೆಕ್ ಇಂಜಿನ್ ದೀಪ ಬರುತ್ತೆ, ಆಮೇಲೆ ಗಾಡಿ ಎಳೆಯಲ್ಲ. ಜೋರು ಮಳೇಲಿ ಎಬಿಎಸ್ ದೀಪಾನೂ ಸೇರ್ಕೊಳ್ಳುತ್ತೆ. ಅಮ್ಮನ್ನ ಮಣಿಪಾಲಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಇದೇ ಗಾಡೀಲಿ, ಆ ತಿರುವುಗಳಲ್ಲಿ ನಿಜವಾಗ್ಲೂ ಭಯ ಆಗುತ್ತೆ.

ಗಾಡಿಯ ದೋಷದ ಕೋಡ್ ಫೋನಲ್ಲಿ ತೋರ್ಸೋ ಗೆಳೆಯನ ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ಹಾಕಿ ನೋಡಿದ್ವಿ. ಪಿ0401 ಬಂತು, ಅಂದ್ರೆ ಇಜಿಆರ್ (ಹೊಗೆಯ ಒಂದು ಭಾಗವನ್ನ ಮತ್ತೆ ಇಂಜಿನ್‌ಗೆ ಕಳ್ಸೋ ವ್ಯವಸ್ಥೆ) ಹರಿವು ಸಾಲ್ತಿಲ್ಲ ಅಂತ. ಮೆಕ್ಯಾನಿಕ್ ವಾಲ್ವ್ ಬಿಚ್ಚಿ ಮಸಿ ತೆಗೆದ್ರು, ಕೋಡ್ ಅಳಿಸಿದ್ವಿ. ಮುಂದಿನ ಘಾಟಿಗೇ ಮತ್ತೆ ಬಂತು. ಎಬಿಎಸ್ ದೀಪ ಉರೀತಿದ್ರೂ ಅದರ ಬಗ್ಗೆ ಆ ಅಡಾಪ್ಟರಲ್ಲಿ ಏನೂ ಕಾಣಲಿಲ್ಲ. ಸಾಮಾನ್ಯ ಒಬಿಡಿ (ಗಾಡಿಯೊಳಗಿನ ದೋಷ ಪತ್ತೆ ವ್ಯವಸ್ಥೆ) ಅಡಾಪ್ಟರ್ ಓದೋದು ಇಂಜಿನ್ ಕೋಡ್ ಮಾತ್ರ, ಎಬಿಎಸ್‌ಗೆ ಆಯಾ ಕಂಪನಿಯ ಪ್ರೋಟೋಕಾಲ್ (ಮಾಹಿತಿ ಕಳ್ಸೋ ರೀತಿ) ಗೊತ್ತಿರೋ ಸ್ಕ್ಯಾನರೇ ಬೇಕು ಅಂತ ತಿಳೀತು.

ನಾನು ಸಿಕ್ಕಿಹಾಕ್ಕೊಂಡಿರೋದು ಇಲ್ಲೇ. ಜಾಹೀರಾತಲ್ಲಿ ಎಲ್ರೂ 'ಎಲ್ಲಾ ಕಾರಿಗೂ ಆಗುತ್ತೆ' ಅಂತಾರೆ. ಅದು ಇಂಜಿನ್‌ಗಷ್ಟೇನಾ, ಎಬಿಎಸ್‌ಗೂನಾ ಅಂತ ಹೇಳಲ್ಲ. ಕೆಲವಕ್ಕೆ ವರ್ಷಾ ವರ್ಷಾ ದುಡ್ಡು ಕಟ್ಟಬೇಕು. ಇನ್ನು ಕೆಲವಕ್ಕೆ ಇಂಟರ್ನೆಟ್ ಬೇಕು, ಘಾಟೀಲಿ ನೆಟ್‌ವರ್ಕ್ ಎಲ್ಲಿಂದ ತರೋದು?

ಐದು ಸಾವಿರದೊಳಗೆ, ಇಂಟರ್ನೆಟ್ ಇಲ್ದೆ, ಎಬಿಎಸ್ ಕೋಡ್ ಮತ್ತು ನಾಲ್ಕೂ ಚಕ್ರದ ವೇಗ ಲೈವ್ ಆಗಿ ತೋರ್ಸೋ ಸ್ಕ್ಯಾನರ್ ನೀವ್ಯಾರಾದ್ರೂ ಬಳಸ್ತಿದ್ದೀರಾ? ಯಾವ ಮಾಡೆಲ್, ಯಾವ ಗಾಡಿಗೆ ಹಾಕಿದ್ದೀರಿ ಹೇಳ್ತೀರಾ?