ಸಹಾಯ ಬೇಕು: ಭೂತಾನ್‌ನಲ್ಲಿ ಟೈಗರ್ಸ್ ನೆಸ್ಟ್, ಮಂಡಿ ನೋವಿನ ಗೆಳೆಯ

ನಮಸ್ಕಾರ. ಕಾಲೇಜಿನಲ್ಲಿ ಒಂದೇ ಬೆಂಚಲ್ಲಿ ಕೂರ್ತಿದ್ದ ನಾವು ಐದು ಜನ, ಈಗ ಎಲ್ಲರಿಗೂ ಐವತ್ತು ದಾಟಿದೆ, ನವೆಂಬರ್‌ನಲ್ಲಿ ಭೂತಾನ್‌ಗೆ ಹೊರಟಿದ್ದೀವಿ. ಗಡಿ ಊರು ಫುಂಟ್‌ಶೋಲಿಂಗ್‌ನಿಂದ ರಸ್ತೆಯಲ್ಲಿ ಒಳಗೆ, ಪಾರೋದಿಂದ ವಿಮಾನದಲ್ಲಿ ವಾಪಸ್. ಆರು ರಾತ್ರಿ. ತಲೆಗೆ ರಾತ್ರಿಗೆ 1,200 ರೂಪಾಯಿ ಎಸ್‌ಡಿಎಫ್ (ಪ್ರವಾಸಿಗರು ಭೂತಾನ್ ಸರ್ಕಾರಕ್ಕೆ ಕಟ್ಟೋ ಶುಲ್ಕ) ಲೆಕ್ಕದಲ್ಲಿ ಅದೊಂದೇ 36,000 ಆಗುತ್ತೆ, ಹಾಗಾಗಿ ಇನ್ನೊಂದು ದಿನ ಸೇರಿಸೋಣ ಅಂದ್ರೆ ಯಾರೂ ಕೇಳಲ್ಲ. ಆಧಾರ್ ನಡೆಯಲ್ಲ ಅಂತ ಗೊತ್ತಾಗಿ ಎಲ್ಲರೂ ವೋಟರ್ ಐಡಿ ಹುಡುಕಿಟ್ಟಿದ್ದಾಯ್ತು.

ತಲೆನೋವು ಟೈಗರ್ಸ್ ನೆಸ್ಟ್‌ದು, ಅಂದ್ರೆ ಪಾರೋ ಹತ್ತಿರ ಬೆಟ್ಟದ ಮೇಲಿರೋ ಬೌದ್ಧ ಮಠದ್ದು. ನಮ್ಮಲ್ಲೊಬ್ಬನಿಗೆ ಹೋದ ವರ್ಷ ಮಂಡಿ ಆಪರೇಷನ್ ಆಗಿದೆ. ಸಮತಟ್ಟಲ್ಲಿ ಆರಾಮಾಗಿ ನಡೀತಾನೆ, ಮೆಟ್ಟಿಲು ಇಳಿಯೋವಾಗ ಮಾತ್ರ ಕಂಬಿ ಹಿಡ್ಕೊಂಡು ಒಂದೊಂದೇ ಕಾಲಿಡ್ತಾನೆ. "ಕುದುರೆ ಇದೆಯಲ್ಲೋ!" ಅಂತ ಅವನದೇ ಹಠ. ಆದ್ರೆ ಕುದುರೆ ಹೋಗೋದು ಅರ್ಧ ದಾರೀಲಿರೋ ಕೆಫೆಟೇರಿಯಾ ಹತ್ತಿರದವರೆಗೆ, ಅದೂ ಹತ್ತೋಕೆ ಮಾತ್ರ. ಆಮೇಲೆ ನೂರಾರು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು, ಮಠ ಇರೋದು 3,100 ಮೀಟರ್ ಎತ್ತರದಲ್ಲಿ. ಟ್ರಾವೆಲ್ಸ್‌ನವರನ್ನ ಕೇಳಿದ್ರೆ "ಏನೂ ಆಗಲ್ಲ ಸಾರ್" ಅಂತಾರೆ. ಅವರ ಮಂಡಿ ಅಲ್ವಲ್ಲ!

ನಾನು ಹಾಕಿರೋ ಪ್ಲಾನ್: ಥಿಂಫು 2, ಪುನಾಖಾ 1, ಪಾರೋ 3 ರಾತ್ರಿ, ಪಾರೋದ ಎರಡನೇ ದಿನ ಬೆಟ್ಟ, ಮರುದಿನ ಪೂರ್ತಿ ವಿಶ್ರಾಂತಿ. ಉಳಿದವರು ಪುನಾಖಾದಲ್ಲಿ 2 ರಾತ್ರಿ ಬೇಕು, ವಿಮಾನದ ಹಿಂದಿನ ದಿನವೇ ಬೆಟ್ಟ ಹತ್ತೋಣ ಅಂತಿದಾರೆ.

ಮಂಡಿ ತೊಂದರೆ ಇದ್ದೂ ಹೋಗಿ ಬಂದವರು ಹೇಳಿ: ಕೆಫೆಟೇರಿಯಾದಿಂದ ಕೆಳಗೆ ಇಳಿಯೋಕೆ ನಿಮಗೆ ಎಷ್ಟು ಹೊತ್ತು ಹಿಡೀತು? ವಿಶ್ರಾಂತಿ ದಿನ ಉಳಿಸ್ಕೊಳ್ಳಲೋ, ಪುನಾಖಾಗೆ ಕೊಟ್ಬಿಡಲೋ?