2 ಅಡಿ ಟ್ಯಾಂಕ್‌ಗೆ ಹತ್ತು ವರ್ಷ ಬಾಳುವ ಮೀನು ಯಾವುದು?

ಹಾಲ್_ಮೂಲೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2x1x1 ಅಡಿ ಗಾಜಿನ ಟ್ಯಾಂಕ್ ಇದೆ. ಊರು ಬೆಂಗಳೂರು. ಕಾವೇರಿ ನೀರು ವಾರಕ್ಕೆ ಎರಡು ದಿನ, ಉಳಿದ ದಿನ ಬೋರ್‌ವೆಲ್. ಬೋರ್ ನೀರಿನ ಟಿಡಿಎಸ್ (ಕರಗಿರೋ ಲವಣಗಳ ಅಳತೆ) 700ರ ಹತ್ತಿರ. ಗಪ್ಪಿ ಎರಡು ವರ್ಷದೊಳಗೆ ಮುಗಿದುಹೋಗುತ್ತೆ, ಮಕ್ಕಳು ಬೇಜಾರು ಮಾಡ್ಕೋತಾರೆ. ಎಂಟು-ಹತ್ತು ವರ್ಷ ಇರುವಂಥ ಮೀನು ಬೇಕು. ನಾಲ್ಕು ಗೋಲ್ಡ್ ಫಿಶ್ ಹಾಕಿ, ಗಾಜು ಕ್ಲೀನ್ ಮಾಡೋಕೆ ಒಂದು ಸಕ್ಕರ್ (ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನೋ ಮೀನು) ಹಾಕಿ ಅಂತ ಅಂಗಡಿಯವರು ಹೇಳ್ತಿದ್ದಾರೆ. ಸರೀನಾ? ಫಿಲ್ಟರ್ ಇನ್ನೂ ತಗೊಂಡಿಲ್ಲ.

ಮರಳುಹಾಸು:
ಎರಡೂ ಬೇಡ. ಗೋಲ್ಡ್ ಫಿಶ್ ಅಲ್ಪಾಯುಷಿ ಅಂತಲ್ಲ. ಸರಿಯಾಗಿ ಸಾಕಿದರೆ 10ರಿಂದ 15 ವರ್ಷ ಬದುಕುತ್ತೆ. ಇಂಗ್ಲೆಂಡಿನ ಟಿಶ್ ಅನ್ನೋ ಗೋಲ್ಡ್ ಫಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಆದರೆ ದುಂಡು ಮೈಯ ಜಾತಿಗಳೇ ಆರೇಳು ಇಂಚು ಬೆಳೆಯುತ್ತವೆ, ತಿಂದದ್ದಕ್ಕೆ ತಕ್ಕಂತೆ ಗಲೀಜೂ ಮಾಡುತ್ತವೆ. ನಿಮ್ಮ ಟ್ಯಾಂಕ್ ಲೆಕ್ಕಕ್ಕೆ ಸುಮಾರು 56 ಲೀಟರ್, ಮರಳು ಹಾಕಿ ಮೇಲೆ ಜಾಗ ಬಿಟ್ಟರೆ ನಿಜವಾದ ನೀರು 45 ಲೀಟರ್. ಅಷ್ಟರಲ್ಲಿ ನಾಲ್ಕು ಗೋಲ್ಡ್ ಫಿಶ್ ಅಂದರೆ ಅಮೋನಿಯಾ (ಗಲೀಜಿನಿಂದ ಹುಟ್ಟೋ ವಿಷ) ಇಳಿಯೋದೇ ಇಲ್ಲ. ‘ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ’ ಅನ್ನೋ ಮಾತು ನಂಬಬೇಡಿ. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತೆ, ಆಯುಸ್ಸೂ ಅದರ ಜೊತೆಗೇ ಕಡಿಮೆಯಾಗುತ್ತೆ.

ಸಕ್ಕರ್ ಒಂದು ಅಡಿ ದಾಟುತ್ತೆ, ಗಾಜು ಕ್ಲೀನ್ ಮಾಡೋದಕ್ಕಿಂತ ಹಿಕ್ಕೆ ಹಾಕೋದೇ ಜಾಸ್ತಿ. ದೊಡ್ಡದಾದ ಮೇಲೆ ಅದನ್ನು ಕೆರೆಗೆ ಬಿಡೋದಂತೂ ದೊಡ್ಡ ಅನ್ಯಾಯ, ನಮ್ಮ ಮೀನುಗಳ ಜಾಗವನ್ನೇ ಅದು ಕಿತ್ತುಕೊಳ್ಳುತ್ತೆ.

ಈ ಅಳತೆಗೆ ಹೊಂದುವ ದೀರ್ಘಾಯುಷಿಗಳು ಎರಡು: ಕೋರಿಡೋರಸ್ (ಕೋರಿ) ಮತ್ತು ಕೂಲಿ ಲೋಚ್, ಎರಡೂ ತಳದಲ್ಲಿ ಓಡಾಡುವ ಮೀನುಗಳು. ಕೋರಿ ಎರಡು-ಎರಡೂವರೆ ಇಂಚು. ಕೂಲಿ ಮೂರ್ನಾಲ್ಕು ಇಂಚು ಉದ್ದ, ಪೆನ್ಸಿಲ್‌ಗಿಂತ ಸಪೂರ. ಚೆನ್ನಾಗಿ ನೋಡಿಕೊಂಡರೆ ಎರಡೂ ಎಂಟು-ಹತ್ತು ವರ್ಷ ಬಾಳುತ್ತವೆ. ಎರಡರಲ್ಲಿ ಒಂದನ್ನೇ ಆರಿಸಿ, ಆರು ಮೀನಿನ ಗುಂಪು ಹಾಕಿ. ಮಕ್ಕಳಿರೋ ಮನೆಗೆ ನನ್ನ ಓಟು ಕೋರಿಗೆ, ಯಾಕಂದರೆ ಅವು ಹಗಲಲ್ಲೇ ಓಡಾಡುತ್ತವೆ. ಕೂಲಿ ಹಗಲಿಡೀ ಮರದ ಬೇರಿನಡಿ ಅವಿತಿದ್ದು ರಾತ್ರಿ ಹೊರಬರುತ್ತೆ. ಬಳ್ಳಾರಿ, ಕಲಬುರಗಿ ಕಡೆಯವರಿಗಾದರೆ ಕೂಲಿ ಅಂತಿದ್ದೆ, ಬೇಸಿಗೆಯ ಬಿಸಿ ನೀರನ್ನು ಅದು ಹೆಚ್ಚು ತಡೆಯುತ್ತೆ. ಮೇಲಿನ ಪದರಕ್ಕೆ ಎಂಟು ಹಾರ್ಲಿಕ್ವಿನ್ ರಾಸ್ಬೋರಾ ಸಾಕು. ಅವಕ್ಕೆ ಐದಾರು ವರ್ಷ ಆಯುಸ್ಸು.

ತಳಕ್ಕೆ ನುಣುಪಾದ ನದಿ ಮರಳು, 3 ಸೆಂಟಿಮೀಟರ್ ದಪ್ಪ, ಸುಮಾರು 8 ಕೆಜಿ ಬೇಕು. ಎಂ-ಸ್ಯಾಂಡ್ ಬೇಡವೇ ಬೇಡ. ಅದು ಒಡೆದ ಕಲ್ಲು, ಅಂಚು ಚೂಪು. ಕೋರಿ ಮರಳಿಗೆ ಮೂತಿ ಹೂತು ಕಿವಿರಿನಿಂದ ಹೊರಬಿಟ್ಟು ಊಟ ಹುಡುಕುತ್ತೆ, ಅದಕ್ಕೇ ಚೂಪು ತಳ ಆಗದು. ಕೊಳಕು ಸೇರಿದ ಚೂಪು ತಳದಲ್ಲಿ ಮೀಸೆ ಸವೆದು ಮೊಂಡಾಗುತ್ತೆ, ಆಮೇಲೆ ಸೋಂಕು. ಅಂಗಡಿಯಲ್ಲೂ ಮೊದಲು ನೋಡಬೇಕಾದ್ದು ಅದೇ: ಎರಡೂ ಬದಿಯ ಮೀಸೆ ಒಂದೇ ಉದ್ದ ಇರಬೇಕು, ಹೊಟ್ಟೆ ಒಳಕ್ಕೆ ಹೋಗಿರಬಾರದು. ಬಣ್ಣ ಚುಚ್ಚಿದ ಗ್ಲಾಸ್ ಫಿಶ್ ಪಕ್ಕದಲ್ಲೇ ಮಿನುಗುತ್ತಿದ್ದರೂ ಅತ್ತ ಹೋಗಬೇಡಿ.

ಬಕೆಟ್_ಲೆಕ್ಕ:
ಮೀನಿನ ಆಯ್ಕೆ ಸರಿ ಇದೆ. ಆಯುಸ್ಸು ತೀರ್ಮಾನ ಆಗೋದು ನೀರಲ್ಲಿ, ಅದನ್ನು ಹೇಳ್ತೀನಿ.

700 ಟಿಡಿಎಸ್ ಅಂದ ಮಾತ್ರಕ್ಕೆ ಮೀನು ಸಾಯಲ್ಲ. ಒಂದು ವಾರ ಕಾವೇರಿ, ಮುಂದಿನ ವಾರ ಬೋರ್ ಹಾಕಿದರೆ ಗಡಸುತನ, ಪಿಹೆಚ್ (ಆಮ್ಲ-ಕ್ಷಾರದ ಅಳತೆ) ಎರಡೂ ಏರುಪೇರಾಗುತ್ತವೆ, ಮೀನು ಸುಸ್ತಾಗೋದು ಅದರಿಂದ. ವಾರಕ್ಕೆ ಕಾಲು ಭಾಗ ನೀರು ಬದಲಿಸಬೇಕು ಅಂದರೆ ನಿಮಗೆ ಬೇಕಾಗೋದು 11 ಲೀಟರ್. ಒಂದು ದೊಡ್ಡ ಬಕೆಟ್! ಕಾವೇರಿ ಬಂದ ದಿನ ಅಷ್ಟನ್ನು ಹಿಡಿದು, ಏರ್ ಸ್ಟೋನ್ (ಗಾಳಿ ಗುಳ್ಳೆ ಬಿಡೋ ಕಲ್ಲು) ಹಾಕಿ ಒಂದು ದಿನ ಬಿಡಿ ಅಥವಾ ಆ್ಯಂಟಿ-ಕ್ಲೋರಿನ್ ಡಬ್ಬಿ ಮೇಲೆ ಬರೆದಷ್ಟು ಹಾಕಿ. ಬೋರ್ ನೀರನ್ನು ಪೂರ್ತಿ ಬಿಟ್ಟುಬಿಡಿ. ಆವಿಯಾಗಿ ಇಳಿದ ನೀರಿಗೆ ಮಾತ್ರ ಆರ್‌ಒ ನೀರು ತುಂಬಿ. ಆವಿಯಾಗೋದು ಬರೀ ನೀರು, ಲವಣ ಟ್ಯಾಂಕಲ್ಲೇ ಉಳಿದು ಹೆಚ್ಚುತ್ತಾ ಹೋಗುತ್ತೆ.

ಫಿಲ್ಟರ್‌ಗೆ ಏರ್ ಪಂಪ್‌ನಿಂದ ನಡೆಯುವ ದೊಡ್ಡ ಸ್ಪಾಂಜ್ ಫಿಲ್ಟರ್ ತಗೊಳ್ಳಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ (ಹಿಂದಕ್ಕೆ ಹರಿಯೋಕೆ ಬಿಡದ ಕವಾಟ) ಹಾಕಿ. ಕರೆಂಟ್ ಹೋದಾಗ ನೀರು ಪೈಪಲ್ಲಿ ಹಿಂದಕ್ಕೆ ಹರಿದು ಪಂಪ್ ಕೆಡುತ್ತೆ, ನೆಲವೂ ಒದ್ದೆಯಾಗುತ್ತೆ. ಸ್ಪಾಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ. ಟ್ಯಾಂಕಿಂದ ತೆಗೆದ ನೀರಿನ ಬಕೆಟ್ಟಲ್ಲೇ ನಾಲ್ಕೈದು ಸಲ ಹಿಂಡಿದರೆ ಸಾಕು, ಅಮೋನಿಯಾ ಕಳೆಯೋ ಬ್ಯಾಕ್ಟೀರಿಯಾ ಉಳಿಯುತ್ತೆ.

ಮೀನಿಗೆ ಮುಂಚೆ ಫಿಲ್ಟರ್ ಹದಕ್ಕೆ ಬರಲಿ, ಅಂದರೆ ಆ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಲಿ, ನಾಲ್ಕರಿಂದ ಆರು ವಾರ ಬೇಕು. ಖಾಲಿ ಟ್ಯಾಂಕಿಗೆ ದಿನಾ ಚಿಟಿಕೆ ಮೀನೂಟ ಹಾಕ್ತಾ ಇರಿ. ಅದು ಕೊಳೆತು ಅಮೋನಿಯಾ ಆಗುತ್ತೆ, ಅಮೋನಿಯಾ ನೈಟ್ರೈಟ್ ಆಗುತ್ತೆ, ನೈಟ್ರೈಟ್ ನೈಟ್ರೇಟ್ ಆಗುತ್ತೆ. ಟೆಸ್ಟ್ ಕಿಟ್‌ನಲ್ಲಿ ಮೊದಲೆರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದ ಮೇಲೇ ಮೀನು. ಒಂದು ವಿಷಯ ಗಮನದಲ್ಲಿರಲಿ: ಕಿಟ್‌ನಲ್ಲಿ ಒಂದೇ ಅಂಕಿ ತೋರಿಸಿದರೂ ಅಮೋನಿಯಾದ ವಿಷಕಾರಿ ಪಾಲು ಪಿಹೆಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಸುಮಾರು ಹತ್ತು ಪಟ್ಟು.

ಪಾಚಿಹಸಿರು:
ಬ್ರಿಸಲ್‌ನೋಸ್ ಪ್ಲೆಕೋ ಯಾರೂ ಹೇಳಲಿಲ್ಲವಲ್ಲ. ನಾಲ್ಕೈದು ಇಂಚಿಗೆ ನಿಲ್ಲುತ್ತೆ, ಹತ್ತು ವರ್ಷ ಬಾಳುತ್ತೆ, ಪಾಚಿಯನ್ನೂ ತಿನ್ನುತ್ತೆ. ಒಂದು ಮರದ ತುಂಡು, ವಾರಕ್ಕೆರಡು ಸಲ ಸೌತೆಕಾಯಿ ಬಿಲ್ಲೆ ಸಾಕು. ಆರು ಕೋರಿ ಜೊತೆ ಇದನ್ನೂ ಒಂದು ಸೇರಿಸಬಹುದು.

ಮಿಸ್ ಕೇರಳ ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ಅದೂ ಆಗಬಹುದೇನೋ?

ಮರಳುಹಾಸು:
ಬ್ರಿಸಲ್‌ನೋಸ್ ಒಳ್ಳೆ ಮೀನೇ, ಆದರೆ 45 ಲೀಟರಲ್ಲಿ ಆರು ಕೋರಿಯ ಜೊತೆಗಲ್ಲ. ಅದೂ ತಳದಲ್ಲೇ ಇರೋದು, ಅದರ ಹಿಕ್ಕೆಯೊಂದೇ ಮರಳನ್ನು ಕೆಡಿಸೋಕೆ ಸಾಕು. ಬೇಕೇ ಬೇಕು ಅಂದರೆ ಕೋರಿ ಬಿಟ್ಟು, ಒಂದು ಬ್ರಿಸಲ್‌ನೋಸ್ ಮತ್ತು ರಾಸ್ಬೋರಾ ಗುಂಪು, ಅಷ್ಟೇ. ಸೌತೆಕಾಯಿ ಉಳಿದದ್ದನ್ನು ಮರುದಿನ ಬೆಳಿಗ್ಗೆಯೇ ತೆಗೀಬೇಕು.

ಮಿಸ್ ಕೇರಳ ಬೇಡ. ಐದು ಇಂಚು ಬೆಳೆದು ಗುಂಪಾಗಿ ರಭಸದಿಂದ ಈಜುವ ಹೊಳೆ ಮೀನು ಅದು, 4 ಅಡಿ ಟ್ಯಾಂಕ್ ಬೇಕು. ಅಳಿವಿನಂಚಿನ ಪಟ್ಟಿಯಲ್ಲೂ ಇದೆ.

ಹಾಲ್_ಮೂಲೆ:
ತುಂಬಾ ಧನ್ಯವಾದ. ಕೋರಿ ಮತ್ತು ರಾಸ್ಬೋರಾ ಅಂತ ತೀರ್ಮಾನ ಮಾಡಿದ್ವಿ. ಯಾವುದನ್ನು ಮೊದಲು ಹಾಕೋದು? ಹೀಟರ್ ಬೇಕಾ? ಊಟ ಎಷ್ಟು?

ಬಕೆಟ್_ಲೆಕ್ಕ:
ಮೊದಲು ರಾಸ್ಬೋರಾ. ಎರಡು-ಮೂರು ವಾರ ಅಮೋನಿಯಾ ಸೊನ್ನೆಯಲ್ಲೇ ನಿಂತರೆ ಆಮೇಲೆ ಕೋರಿ. ಸಾಧ್ಯವಾದರೆ ಹೊಸ ಮೀನನ್ನು 20 ಲೀಟರ್ ಟಬ್‌ನಲ್ಲಿ ಬೇರೆ ಸ್ಪಾಂಜ್ ಫಿಲ್ಟರ್ ಜೊತೆ ಮೂರು ವಾರ ಇಟ್ಟು ನೋಡಿ. ಬಿಳಿ ಚುಕ್ಕೆ ರೋಗ ಬರೋದು ಹೆಚ್ಚಾಗಿ ಹೊಸ ಮೀನಿನ ಜೊತೆಗೆ, ಮತ್ತು ಕೋರಿಗೆ ಆ ಔಷಧಿಗಳು ಬೇಗ ಅತಿಯಾಗುತ್ತವೆ.

ಊಟ ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಕೋರಿಗೆ ಮುಳುಗುವ ಪೆಲೆಟ್ ಬೇರೆಯಾಗಿ, ಲೈಟ್ ಆರಿಸಿದ ಮೇಲೆ ಹಾಕಿ. ಮೇಲಿನವು ಬಿಟ್ಟದ್ದನ್ನೇ ತಿಂದು ಬದುಕಲಿ ಅಂದರೆ ಹೊಟ್ಟೆ ಒಳಗೆ ಹೋಗುತ್ತೆ. ವಾರಕ್ಕೆ ಒಂದು ದಿನ ಉಪವಾಸ. ಕೋರಿ ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ನುಂಗೋದು ಸಹಜ, ಗಾಬರಿ ಬೇಡ. ಎಲ್ಲವೂ ಸೇರಿ ಮತ್ತೆ ಮತ್ತೆ ಹಾಗೆ ಮಾಡಿದರೆ ಮಾತ್ರ ನೀರು ಪರೀಕ್ಷಿಸಿ.

ಡಿಸೆಂಬರ್-ಜನವರಿಗೆ 50 ವಾಟ್ ಹೀಟರ್ 24 ಡಿಗ್ರಿಗೆ ಇಡಿ. ಏಪ್ರಿಲ್‌ನಲ್ಲಿ ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತೆ. ನೀರು ಬದಲಿಸೋ ಮುಂಚೆ ಹೀಟರ್ ಸ್ವಿಚ್ ಆರಿಸಿ 15 ನಿಮಿಷ ಬಿಡಿ. ಬಿಸಿ ಗಾಜು ನೀರಿನಿಂದ ಹೊರಬಂದು ಮತ್ತೆ ತಣ್ಣೀರು ತಾಗಿದರೆ ಸೀಳುತ್ತೆ.