ಅಪ್‌ಡೇಟ್: ಪಿಎಸ್‌ಎ 2.1 ಇದ್ದರೂ ಬಯಾಪ್ಸಿ ಬೇಕೇ ಎಂದು ಕೇಳಿದ್ದೆ

ಮಂಡ್ಯದಲ್ಲಿರುವ ನಮ್ಮ ತಂದೆಯವರ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಸುಳಿವಿಗಾಗಿ ರಕ್ತದಲ್ಲಿ ನೋಡುವ ಅಂಕಿ) 2.1 ಮಾತ್ರ ಇದ್ದರೂ, ಬೆರಳಿನ ಪರೀಕ್ಷೆಯಲ್ಲಿ ಪ್ರಾಸ್ಟೇಟ್‌ನ ಎಡಭಾಗದಲ್ಲಿ ಗಟ್ಟಿ ಗಂಟು ಸಿಕ್ಕಿದೆ, ಬಯಾಪ್ಸಿ ಮಾಡಿಸಲೇಬೇಕೇ ಎಂದು ಹಿಂದೆ ಕೇಳಿದ್ದೆ. ಹಲವರು ಮಾಡಿಸಿ ಎಂದಿರಿ. 4ರ ಒಳಗಿದ್ದರೆ ಚಿಂತೆಯಿಲ್ಲ ಎಂದವರೂ ಇದ್ದರು.

ಮೈಸೂರಿನ ಮೂತ್ರರೋಗ ತಜ್ಞರು ಮೊದಲು ಕೇಳಿದ್ದು ಮಾತ್ರೆಗಳ ಚೀಟಿಯನ್ನು. ಗ್ರಂಥಿ ದೊಡ್ಡದಾಗಿದ್ದ ಕಾರಣ ತಂದೆಯವರು ಕೆಲವು ವರ್ಷಗಳಿಂದ ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿದ್ದಾರೆ. ಈ ಔಷಧ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ 2.1 ಅನ್ನು 4.2ರ ಆಸುಪಾಸು ಎಂದೇ ಓದಬೇಕೆಂದು ಅವರು ಚೀಟಿಯ ಅಂಚಿನಲ್ಲಿಯೇ ಗುಣಿಸಿ ತೋರಿಸಿದರು. ಲ್ಯಾಬ್ ವರದಿಯಲ್ಲಿ ಮಾತ್ರ ‘ನಾರ್ಮಲ್’ ಎಂದಷ್ಟೇ ಇತ್ತು. ರೋಗಿ ಯಾವ ಮಾತ್ರೆ ನುಂಗುತ್ತಾನೆಂಬುದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಈ ಮಾತ್ರೆ ತೆಗೆದುಕೊಳ್ಳದವರಲ್ಲಿಯೂ 4 ಎಂಬುದು ಅಭಯವಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪಿಎಸ್‌ಎ 4 ಮೀರದ 2,950 ಗಂಡಸರಿಗೆ ಬಯಾಪ್ಸಿ ಮಾಡಿದಾಗ ಶೇ. 15ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂದಿತ್ತು. ಅವುಗಳಲ್ಲಿ ಬಹುಪಾಲು ಕೆಳದರ್ಜೆಯವು, ಅಂದರೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥವು ಎಂಬುದನ್ನೂ ಜೊತೆಗೇ ಹೇಳಬೇಕು, ಇಲ್ಲವಾದರೆ ಸುಮ್ಮನೆ ಗಾಬರಿ ಹುಟ್ಟಿಸಿದಂತಾಗುತ್ತದೆ. ಆದರೆ ಜೀವಕೋಶಗಳ ಸ್ವರೂಪವೇ ತೀರಾ ಕೆಟ್ಟಿರುವ ಕೆಲವು ಗಡ್ಡೆಗಳು ಪಿಎಸ್‌ಎಯನ್ನು ಅಷ್ಟಾಗಿ ಉತ್ಪಾದಿಸುವುದಿಲ್ಲವಾದ್ದರಿಂದ, ಗಂಟು ಕೈಗೆ ಸಿಕ್ಕಾಗ ಅಂಕಿಯನ್ನು ನಂಬಿ ಕೂರುವಂತಿಲ್ಲ ಎಂದು ತಜ್ಞರು ವಿವರಿಸಿದರು.

ಎಂಆರ್‌ಐನಲ್ಲಿಯೂ ಅದೇ ಜಾಗದಲ್ಲಿ ಅನುಮಾನ ಕಂಡಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರುವುದು ಖಚಿತವಾಯಿತು: ಗ್ಲೀಸನ್ ಅಂಕ (ಜೀವಕೋಶಗಳು ಎಷ್ಟು ಕೆಟ್ಟಿವೆ ಎಂದು ತಿಳಿಸುವ ಅಳತೆ) 4+3, ಅಂದರೆ ಮಧ್ಯಮ ದರ್ಜೆ. ಮೂಳೆಗೆ ಹರಡಿದ ಲಕ್ಷಣ ಸ್ಕ್ಯಾನಿನಲ್ಲಿ ಇಲ್ಲ. ಶಸ್ತ್ರಚಿಕಿತ್ಸೆಯೋ ವಿಕಿರಣವೋ ಇನ್ನೂ ತೀರ್ಮಾನವಾಗಿಲ್ಲ. ತಂದೆಯವರು ಕಬ್ಬು ಕಡಿದು ಫ್ಯಾಕ್ಟರಿಗೆ ಸಾಗಿಸಿದ ಮೇಲೆ ನೋಡೋಣ ಎನ್ನುತ್ತಿದ್ದಾರೆ. ಅಷ್ಟು ಕಾಯಬಹುದೇ ಎಂದು ಮುಂದಿನ ಭೇಟಿಯಲ್ಲಿ ಕೇಳಲಿದ್ದೇವೆ.